ಜ್ಞಾನವೂ ಅಜ್ಞಾನವೂ ಒಂದೇ ಆದಾಗ: ಇ-ಮೇಲ್ ಜರಡಿಗಳ ಒಂದು ವಿಮರ್ಶೆ

ಪ್ರಯೋಗಶಾಲೆಗೆ ಹೊಸ ವೋಲ್ಟ್‌ಮೀಟರ್ ಬಂದರೆ ಮೊದಲು ಏನು ಮಾಡುತ್ತೇವೆ? ಅಳತೆ ಗೊತ್ತಿರುವ ವಿಭವಾಂತರಕ್ಕೆ ಜೋಡಿಸಿ, ಅದು ತೋರಿಸುವ ಅಂಕಿ ಸರಿಯಿದೆಯೇ ಎಂದು ನೋಡುತ್ತೇವೆ. ದೋಷವಿದ್ದರೆ ಎಷ್ಟು ಎಂದು ಬರೆದಿಟ್ಟುಕೊಳ್ಳುತ್ತೇವೆ. ಈ ಶಿಸ್ತನ್ನು ಪಿಯುಸಿ ವಿದ್ಯಾರ್ಥಿಗೂ ಕಲಿಸುತ್ತೇವೆ. ಆದರೆ ಅದೇ ಸಂಸ್ಥೆಯ ಗಣಕ ಕೊಠಡಿಯಲ್ಲಿ ಇನ್ನೊಂದು ಅಳತೆಯ ಸಾಧನ ಹಗಲೂ ರಾತ್ರಿ ಕೆಲಸ ಮಾಡುತ್ತಿರುತ್ತದೆ. ಬರುವ ಪ್ರತಿಯೊಂದು ಇ-ಮೇಲನ್ನೂ ಓದಿ, ಅದಕ್ಕೆ ಅಂಕ ಕೊಟ್ಟು, 'ಒಳಗೆ ಬಿಡು' ಅಥವಾ 'ತಡೆ' ಎಂದು ತೀರ್ಪು ಕೊಡುತ್ತದೆ. ಇದನ್ನು ಮಾತ್ರ ಯಾರೂ ಹೀಗೆ ಒರೆಗೆ ಹಚ್ಚಿ ನೋಡುವುದಿಲ್ಲ. ಕನ್ನಡದ ಪತ್ರಗಳ ಮೇಲಂತೂ ನೋಡುವುದೇ ಇಲ್ಲ.

ಇದಕ್ಕೆ ಕಂಟೆಂಟ್ ಫಿಲ್ಟರ್ ಎಂದು ಹೆಸರು. ಪತ್ರ ಎಲ್ಲಿಂದ ಬಂತು ಎಂಬುದಕ್ಕಿಂತ ಅದರ ಒಕ್ಕಣೆಯಲ್ಲಿ ಏನಿದೆ ಎಂಬುದನ್ನು ನೋಡಿ ಸೋಸುವ ಜರಡಿ ಇದು. ಇದರ ಅಗತ್ಯವನ್ನು ಯಾರೂ ಅಲ್ಲಗಳೆಯಲಾರರು. 1978ರ ಮೇ 3ರಂದು ಅಮೆರಿಕದ ಡಿಜಿಟಲ್ ಈಕ್ವಿಪ್‌ಮೆಂಟ್ ಕಂಪನಿಯ ಗ್ಯಾರಿ ಥುರ್ಕ್ ಎಂಬುವರು ಅರ್ಪಾನೆಟ್ ಜಾಲದ ಸುಮಾರು 400 ವಿಳಾಸಗಳಿಗೆ ಗಣಕಗಳ ಜಾಹೀರಾತನ್ನು ಒಮ್ಮೆಗೇ ಕಳಿಸಿದರು. ಸ್ಪ್ಯಾಮ್‌ನ ಚರಿತ್ರೆ ಅಲ್ಲಿಂದ ಆರಂಭವಾಗುತ್ತದೆ. ಇಂದು ಜಾಹೀರಾತಿನ ಕಾಟ ಸಣ್ಣದು. ಬ್ಯಾಂಕಿನ ಹೆಸರಿನಲ್ಲಿ ಗುಪ್ತಪದ ಕೇಳುವ, ಪ್ರಾಂಶುಪಾಲರ ಹೆಸರಿನಲ್ಲಿ ಹಣ ಕಳಿಸಲು ಹೇಳುವ ಪತ್ರಗಳೇ ದೊಡ್ಡ ಅಪಾಯ. ಆದ್ದರಿಂದ ಜರಡಿ ಬೇಕು. ಜರಡಿಯ ಕಣ್ಣುಗಳನ್ನು ಯಾವ ಧಾನ್ಯಕ್ಕೆ ಅಳೆದು ಮಾಡಿದ್ದಾರೆ ಎಂಬುದಷ್ಟೇ ಈ ಲೇಖನದ ಪ್ರಶ್ನೆ.

ಗ್ರಹಣದೊಳಗಿನ ಹಣ

ಜರಡಿಗಳಲ್ಲಿ ಅತ್ಯಂತ ಸರಳವಾದದ್ದು ಪದಪಟ್ಟಿಯ ಜರಡಿ. ವ್ಯವಸ್ಥಾಪಕರು ಕೆಲವು ಪದಗಳನ್ನು ಬರೆದಿಡುತ್ತಾರೆ. ಅವು ಪತ್ರದಲ್ಲಿ ಕಂಡರೆ ತಡೆಯಬೇಕೆಂದು ನಿಯಮ. ಇದರ ದೌರ್ಬಲ್ಯ 1996ರಲ್ಲೇ ಜಗಜ್ಜಾಹೀರಾಯಿತು. ಇಂಗ್ಲೆಂಡಿನ ಸ್ಕನ್‌ಥಾರ್ಪ್ ಊರಿನ ಜನ ಎಒಎಲ್ ಕಂಪನಿಯಲ್ಲಿ ಖಾತೆ ತೆರೆಯಲು ಹೋದಾಗ ಜರಡಿ ಅವರನ್ನು ತಡೆಯಿತು. ಊರಿನ ಹೆಸರಿನ ನಡುವೆ ಇಂಗ್ಲಿಷಿನ ಒಂದು ಬೈಗುಳದ ಅಕ್ಷರಗಳು ಅದೇ ಕ್ರಮದಲ್ಲಿ ಇದ್ದದ್ದೇ ಕಾರಣ. ಅಂದಿನಿಂದ ಈ ಬಗೆಯ ತಪ್ಪಿಗೆ ಆ ಊರಿನ ಹೆಸರೇ ಅಂಟಿಕೊಂಡಿದೆ.

ಕನ್ನಡದಲ್ಲಿ ಈ ತೊಂದರೆ ಇನ್ನೂ ಹೆಚ್ಚು. 'ಹಣ' ಎಂಬ ಪದವನ್ನು ಪಟ್ಟಿಗೆ ಸೇರಿಸಿದಿರಿ ಎಂದುಕೊಳ್ಳಿ. ಗಣಕ ನೋಡುವುದು 'ಹ', 'ಣ' ಎಂಬ ಎರಡು ಸಂಕೇತಗಳು ಒಂದರ ಹಿಂದೆ ಒಂದು ಬರುತ್ತವೆಯೇ ಎಂದು ಮಾತ್ರ. ಅವು 'ಹಣ್ಣು', 'ಹಣೆ', 'ಹಣತೆ', 'ಧ್ವಜಾರೋಹಣ'ಗಳಲ್ಲೂ ಇವೆ, 'ಗ್ರಹಣ'ದಲ್ಲೂ ಇವೆ! 'ಸಾಲ' ಎಂದು ಸೇರಿಸಿದರೆ 'ಸಾಲು', 'ಸಾಲದು', 'ಮಸಾಲೆ' ಎಲ್ಲವೂ ಸಿಕ್ಕಿಬೀಳುತ್ತವೆ. ಸಾಲುಮರದ ತಿಮ್ಮಕ್ಕನವರ ಬಗ್ಗೆ ಮಕ್ಕಳು ಬರೆದ ಪ್ರಬಂಧ ಈ ಜರಡಿಗೆ ಸಾಲದ ಜಾಹೀರಾತಾಗಿ ಕಾಣುತ್ತದೆ.

ಹಾಗಾದರೆ ಪದದ ಹಿಂದೆ ಮುಂದೆ ಖಾಲಿ ಜಾಗ ಇದ್ದರಷ್ಟೇ ಹಿಡಿಯಲಿ ಎನ್ನೋಣವೇ? ಇಂಗ್ಲಿಷಿನಲ್ಲಿ ಈ ಉಪಾಯ ಬಹುಮಟ್ಟಿಗೆ ನಡೆಯುತ್ತದೆ. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯಗಳು ಪದಕ್ಕೆ ಅಂಟಿಕೊಳ್ಳುತ್ತವೆ. ಹಣವನ್ನು, ಹಣಕ್ಕೆ, ಹಣದಿಂದ, ಹಣವಿಲ್ಲದೆ – ಇವೆಲ್ಲ ತಪ್ಪಿಸಿಕೊಳ್ಳುತ್ತವೆ. ಬಿಡಿಯಾಗಿ ಹುಡುಕಿದರೆ ಗ್ರಹಣ ಸಿಕ್ಕಿಬೀಳುತ್ತದೆ, ಬಿಗಿಯಾಗಿ ಹುಡುಕಿದರೆ ಹಣ ನುಣುಚಿಕೊಳ್ಳುತ್ತದೆ. ಪದದ ಮೂಲರೂಪವನ್ನು ಬಿಡಿಸಿ ನೋಡುವ ವ್ಯಾಕರಣ ಜ್ಞಾನವಿಲ್ಲದೆ ಕನ್ನಡದಲ್ಲಿ ಪದಪಟ್ಟಿಯ ಜರಡಿ ಕೆಲಸ ಮಾಡದು.

ಇದು ಊಹೆಯ ಮಾತಲ್ಲ. 2025ರ ಸೆಪ್ಟೆಂಬರ್ 7ರ ರಾತ್ರಿ ನಮ್ಮಲ್ಲಿ ಪೂರ್ಣ ಚಂದ್ರಗ್ರಹಣ ಕಾಣಿಸಿತಲ್ಲ, ಅದರ ವೀಕ್ಷಣೆಗೆ ಕರೆಯುವ ಪತ್ರವೊಂದನ್ನು ನಾವು ಕೆಲವರು ಸೇರಿ ಕನ್ನಡದಲ್ಲೇ ಬರೆದು ರಾಜಾಜಿನಗರದಿಂದ ಕೆಂಗೇರಿಯವರೆಗಿನ ಹಲವು ಶಾಲೆ, ಕಾಲೇಜುಗಳಿಗೆ ಕಳಿಸಿದ್ದೆವು. ಅವುಗಳಲ್ಲಿ ಒಂದು ಸಂಸ್ಥೆಯಲ್ಲಿ ಪತ್ರ ಜರಡಿಯ ತಡೆಕೋಣೆಯಲ್ಲಿ ಉಳಿದು, ಚಂದ್ರ ಗ್ರಹಣದಿಂದ ಬಿಡುಗಡೆಯಾದ ಎರಡು ದಿನಗಳ ಮೇಲೆ ತಾನೂ ಬಿಡುಗಡೆಯಾಯಿತು. ಅಲ್ಲಿಯ ಪದಪಟ್ಟಿಯಲ್ಲಿ 'ಹಣ' ಇತ್ತು. ಒಂದು ಗ್ರಹಣ ತಪ್ಪಿದರೆ ಮಕ್ಕಳು ಇನ್ನೊಂದನ್ನು ನೋಡಿಯಾರು. ವಿದ್ಯಾರ್ಥಿವೇತನದ ಅರ್ಜಿಗೆ ಕೊನೆಯ ದಿನಾಂಕ ತಿಳಿಸುವ ಪತ್ರದಲ್ಲಿ 'ಹಣ' ಇಲ್ಲದೆ ಇರುತ್ತದೆಯೇ? ಆ ದಿನ ತಪ್ಪಿದರೆ ಮತ್ತೆ ಸಿಗುವುದಿಲ್ಲ.

ಸಂಭವನೀಯತೆಯ ಜರಡಿ

ಪದಪಟ್ಟಿಗಿಂತ ಬುದ್ಧಿವಂತವಾದದ್ದು ಸಂಖ್ಯಾಶಾಸ್ತ್ರೀಯ ಜರಡಿ. ಪಾಲ್ ಗ್ರಹಾಂ 2002ರ ಆಗಸ್ಟ್‌ನಲ್ಲಿ ಬರೆದ ಒಂದು ಪ್ರಬಂಧದಿಂದ ಇದು ಜನಪ್ರಿಯವಾಯಿತು. ಇದರ ಬೆನ್ನೆಲುಬು ಥಾಮಸ್ ಬೇಯ್ಸ್‌ನ ಪ್ರಮೇಯ. ಅದು ಆತನ ಮರಣಾನಂತರ 1763ರಲ್ಲಿ ಪ್ರಕಟವಾದದ್ದು. ನಮ್ಮ ಗಣಿತ ಪಠ್ಯಗಳಲ್ಲಿ ಚೆಂಡು, ಚೀಲಗಳ ಲೆಕ್ಕವಾಗಿ ಬರುವ ಪ್ರಮೇಯ ಇದೇ.

ಒಂದು ಲೆಕ್ಕ ನೋಡೋಣ. ಸಂಖ್ಯೆಗಳು ಕೇವಲ ಉದಾಹರಣೆಗೆ. ಒಂದು ಕಾಲೇಜಿಗೆ 1000 ಪತ್ರಗಳು ಬಂದವು. 600 ಸ್ಪ್ಯಾಮ್, 400 ಒಳ್ಳೆಯವು. 'ಪ್ರೈಜ್' ಎಂಬ ಇಂಗ್ಲಿಷ್ ಪದ ಸ್ಪ್ಯಾಮ್‌ಗಳಲ್ಲಿ 120ರಲ್ಲಿ, ಒಳ್ಳೆಯವುಗಳಲ್ಲಿ 8ರಲ್ಲಿ ಇದೆ. ಆ ಪದವಿರುವ ಪತ್ರ ಸ್ಪ್ಯಾಮ್ ಆಗಿರುವ ಸಂಭವನೀಯತೆ 120ನ್ನು 128ರಿಂದ ಭಾಗಿಸಿದರೆ ಬರುವಷ್ಟು, ಅಂದರೆ ಸುಮಾರು ಶೇಕಡಾ 94. ಈಗ ಶಾಲೆಗಳ, ವಿಜ್ಞಾನ ಸಂಘಗಳ ಹೆಸರಿನಲ್ಲಿ ಬಂದ ಪತ್ರಗಳನ್ನಷ್ಟೇ ಬೇರೆಯಾಗಿ ತೆಗೆಯೋಣ. ಅವುಗಳಲ್ಲಿ 'ಪ್ರೈಜ್' ಇರುವ ಒಳ್ಳೆಯ ಪತ್ರಗಳು 6, ಸ್ಪ್ಯಾಮ್ 1. ಸಂಭವನೀಯತೆ 7ರಲ್ಲಿ 1, ಸುಮಾರು ಶೇಕಡಾ 14. ಪದ ಅದೇ, ಪ್ರಮೇಯವೂ ಅದೇ. ಬದಲಾದದ್ದು ಎಣಿಕೆಗೆ ತೆಗೆದುಕೊಂಡ ಸಮೂಹ. ಸ್ಪರ್ಧೆ, ಬಹುಮಾನಗಳು ದಿನನಿತ್ಯದ ಮಾತಾಗಿರುವ ಜಾಗಕ್ಕೆ ಬೇರೆಲ್ಲೋ ಕಲಿತು ಬಂದ ಜರಡಿಯನ್ನು ಹಾಗೆಯೇ ಕೂರಿಸಿದರೆ ಅದು ಸರಿಯಾದ ಸೂತ್ರದಿಂದಲೇ ತಪ್ಪು ಉತ್ತರ ಕೊಡುತ್ತದೆ.

ಇದು ತಿದ್ದಬಹುದಾದ ದೋಷ. ನಮ್ಮ ಪತ್ರಗಳನ್ನೇ ಕೊಟ್ಟು ಜರಡಿಗೆ ಪಾಠ ಹೇಳಬಹುದು. ಆದರೆ ಪಾಠ ಕಲಿಯಬೇಕಾದರೆ ವಿದ್ಯಾರ್ಥಿಗೆ ಮೊದಲು ಅಕ್ಷರ ಬರಬೇಕಲ್ಲವೇ? ವಿಮರ್ಶೆಯ ಮುಖ್ಯ ಭಾಗಕ್ಕೆ ಈಗ ಬಂದೆವು.

ಅರ್ಧ ವರ್ಣಮಾಲೆ ನುಂಗಿದ ಜರಡಿ

ಜರಡಿಗಳಲ್ಲಿ ಅತಿ ಹೆಸರುವಾಸಿಯಾದದ್ದು ಸ್ಪ್ಯಾಮ್‌ಅಸಾಸಿನ್. 2001ರಲ್ಲಿ ಜಸ್ಟಿನ್ ಮೇಸನ್ ಇದನ್ನು ಸಾರ್ವಜನಿಕರಿಗೆ ಮುಕ್ತವಾಗಿ ಕೊಟ್ಟರು. ಈಗ ಅಪಾಚೆ ಪ್ರತಿಷ್ಠಾನದ ಆಶ್ರಯದಲ್ಲಿದೆ. ಮೂಲಸಂಕೇತ ಎಲ್ಲರಿಗೂ ತೆರೆದಿರುವುದರಿಂದ ನಾವು ಅದನ್ನು ಓದಿ ಪರೀಕ್ಷಿಸಬಹುದು. ಮುಚ್ಚಿದ ಪೆಟ್ಟಿಗೆಯಾಗಿ ಮಾರಾಟವಾಗುವ ಜರಡಿಗಳಲ್ಲಿ ಈ ಸೌಲಭ್ಯವಿಲ್ಲ. ಮುಂದಿನ ಟೀಕೆಯನ್ನು ಓದುವಾಗ ಈ ಗುಣವನ್ನು ಮರೆಯಬೇಡಿ.

ಮೊದಲು ಒಂದು ಚಿಕ್ಕ ಪೀಠಿಕೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗೆ 128 ಸ್ಥಾನಗಳನ್ನು ಕೊಡಲಾಗಿದೆ. ಇ-ಮೇಲ್‌ನಲ್ಲಿ ಸಾಮಾನ್ಯವಾಗಿ ಬಳಸುವ ಯುಟಿಎಫ್-8 ವಿಧಾನದಲ್ಲಿ ಇವುಗಳಲ್ಲಿ ಪ್ರತಿಯೊಂದಕ್ಕೂ ಮೂರು ಬೈಟುಗಳು ಬೇಕು. 'ಕ' ಎಂದರೆ 224, 178, 149. 'ಡ' ಎಂದರೆ 224, 178, 161. ಮೊದಲ ಬೈಟು ಯಾವಾಗಲೂ 224. ಎರಡನೆಯದು 178 ಅಥವಾ 179. ಅಕ್ಷರದ ಗುರುತು ನಿಜವಾಗಿ ಇರುವುದು ಮೂರನೆಯ ಬೈಟಿನಲ್ಲಿ. ಅದು 128ರಿಂದ 191ರವರೆಗೆ ಇರಬಹುದು.

ಸ್ಪ್ಯಾಮ್‌ಅಸಾಸಿನ್ 3.0ರಿಂದ 3.3ರವರೆಗಿನ ಆವೃತ್ತಿಗಳಲ್ಲಿ ಬೇಯ್ಸ್ ಜರಡಿ ಪತ್ರವನ್ನು ಪದಗಳಾಗಿ ಒಡೆಯುವ ಮುನ್ನ ಒಂದು ಕೆಲಸ ಮಾಡುತ್ತಿತ್ತು. ಇಂಗ್ಲಿಷಿನ ಅಕ್ಷರಗಳು, ಅಂಕಿಗಳು, ಕೆಲವು ಚಿಹ್ನೆಗಳು ಮತ್ತು 161ರಿಂದ 255ರವರೆಗಿನ ಬೈಟುಗಳನ್ನು ಉಳಿಸಿಕೊಂಡು, ಮಿಕ್ಕಿದ್ದನ್ನೆಲ್ಲ ಖಾಲಿ ಜಾಗವಾಗಿ ಬದಲಿಸುತ್ತಿತ್ತು. 161ರಿಂದ ಏಕೆ? ಪಶ್ಚಿಮ ಯೂರೋಪಿನ ಭಾಷೆಗಳ ಹಳೆಯ ಸಂಕೇತಪಟ್ಟಿಯಲ್ಲಿ ತಲೆಯ ಮೇಲೆ ಗುರುತುಗಳಿರುವ ಅಕ್ಷರಗಳೂ ಇತರ ಚಿಹ್ನೆಗಳೂ ಇರುವುದು ಆ ಭಾಗದಲ್ಲಿ. ಫ್ರೆಂಚ್, ಜರ್ಮನ್ ಭಾಷೆಗಳಿಗೆ ಇದು ಸರಿ.

ಕನ್ನಡಕ್ಕೆ ಏನಾಯಿತು ನೋಡಿ. 'ಠ'ದ ಮೂರನೆಯ ಬೈಟು 160, 'ಡ'ದ್ದು 161. ಟವರ್ಗದ ನಡುವೆಯೇ ಕತ್ತಿ ಬಿದ್ದಿತು. ಅನುಸ್ವಾರ, ವಿಸರ್ಗ, ಸ್ವರಗಳೆಲ್ಲ, ಕವರ್ಗ, ಚವರ್ಗ, ಜೊತೆಗೆ 'ಟ', 'ಠ' – ಎಲ್ಲದರ ಗುರುತೂ ಅಳಿದುಹೋಯಿತು. ಒತ್ತಕ್ಷರಗಳನ್ನು ಕಟ್ಟುವ ವಿರಾಮ ಚಿಹ್ನೆ, ಉಕಾರ, ಎಕಾರ, ಒಕಾರಗಳೂ ಹೋದವು. ಗುಣಿತದ ಚಿಹ್ನೆಗಳಲ್ಲಿ ಮುಖ್ಯವಾಗಿ ಉಳಿದವು ಆಕಾರ ಮತ್ತು ಹ್ರಸ್ವ ಇಕಾರ ಮಾತ್ರ. ಅಳಿದ ಅಕ್ಷರದ ಮೊದಲ ಎರಡು ಬೈಟುಗಳು ಚೂರಾಗಿ ಉಳಿಯುತ್ತಿದ್ದವು. ಆದರೆ ಆ ಚೂರು ಒಂಟಿಯಾಗಿದ್ದರೆ, ಮೂರು ಬೈಟಿಗಿಂತ ಚಿಕ್ಕದೆಂಬ ಕಾರಣಕ್ಕೆ, ಎಣಿಕೆಗೆ ಬರುತ್ತಿರಲಿಲ್ಲ.

ಕಾಗದ ತೆಗೆದುಕೊಂಡು ನೀವೇ ಮಾಡಿ ನೋಡಿ. 'ಕೆಂಗೇರಿ' ಎಂಬಲ್ಲಿ ಕಕಾರ, ಎಕಾರ, ಅನುಸ್ವಾರ, ಗಕಾರ, ಏಕಾರ ಎಲ್ಲ ಹೋಗಿ ಉಳಿಯುವುದು 'ರಿ'. 'ಕುರಿ' ಎಂಬಲ್ಲಿಯೂ ಉಳಿಯುವುದು 'ರಿ'. ಆ ಜರಡಿಗೆ ಕೆಂಗೇರಿಗೂ ಕುರಿಗೂ ಭೇದವಿರಲಿಲ್ಲ. ಇನ್ನು 'ಜ್ಞಾನ' ಬರೆಯಿರಿ. ಜಕಾರ, ವಿರಾಮ, ಞಕಾರ ಹೋಗುತ್ತವೆ. ಉಳಿಯುವುದು ಆಕಾರದ ಚಿಹ್ನೆ ಮತ್ತು 'ನ'. 'ಅಜ್ಞಾನ' ಬರೆಯಿರಿ. ಅಕಾರವೂ ಹೋಗುತ್ತದೆ. ಉಳಿಯುವುದು ಮತ್ತೆ ಅದೇ ಆಕಾರ, ಅದೇ 'ನ'. ಜ್ಞಾನ, ಅಜ್ಞಾನಗಳೆರಡೂ ಒಂದೇ ಎಂದು ತೀರ್ಮಾನಿಸಿದ ಯಂತ್ರ ನಮ್ಮ ಪತ್ರಗಳ ಯೋಗ್ಯತೆಯನ್ನು ಅಳೆಯುತ್ತಿತ್ತು!

ಉದ್ದದ ಪದಗಳಿಗೆ ಇನ್ನೊಂದು ಶಿಕ್ಷೆ ಇತ್ತು. 15 ಬೈಟುಗಳಿಗಿಂತ ಉದ್ದವಾದ ಚೂರಿನಲ್ಲಿ ಇಂಥ ಮೇಲಿನ ಬೈಟುಗಳು ಕಂಡರೆ, ಏಷ್ಯಾದ ಭಾಷೆ ಇರಬಹುದೆಂದು ಊಹಿಸಿ ಅದನ್ನು ಎರಡೆರಡು ಬೈಟುಗಳ ತುಂಡು ಮಾಡಲಾಗುತ್ತಿತ್ತು. ಎರಡು ಬೈಟಿಗೆ ಒಂದು ಅಕ್ಷರವಿರುವ ಹಳೆಯ ಚೀನೀ, ಜಪಾನೀ ಸಂಕೇತಗಳಿಗೆ ಇದರಲ್ಲಿ ಅರ್ಥವಿದೆ. ಮೂರು ಬೈಟಿನ ಕನ್ನಡಕ್ಕೆ ಇಲ್ಲ. ಕೆಂಗೇರಿಯ ಹಾದಿಯಲ್ಲಿರುವ ಬೆಂಗಳೂರು ವಿಶ್ವವಿದ್ಯಾಲಯದ ಆವರಣ 'ಜ್ಞಾನಭಾರತಿ'ಯನ್ನೇ ತೆಗೆದುಕೊಳ್ಳಿ. ತಲೆ ಕಳೆದುಕೊಂಡ ಮೇಲೆ ಅದರಲ್ಲಿ 21 ಬೈಟುಗಳು ಒಟ್ಟಾಗಿ ಉಳಿಯುತ್ತವೆ. ಅವನ್ನು ಎರಡೆರಡಾಗಿ ಕತ್ತರಿಸಿದರೆ 11 ತುಂಡುಗಳು. ಅವುಗಳಲ್ಲಿ ಯಾವುದೂ ಒಂದು ಪೂರ್ಣ ಕನ್ನಡ ಅಕ್ಷರವಲ್ಲ.

ಇನ್ನೂ ಒಂದು ಸಂಗತಿ. ಒಪ್ಪಿಗೆಯಿರುವ ಭಾಷೆಗಳನ್ನು ಹೆಸರಿಸಿ, ಉಳಿದವಕ್ಕೆ ಸ್ಪ್ಯಾಮ್ ಅಂಕ ಸೇರಿಸುವ ಅನುಕೂಲವೊಂದು ಇದರಲ್ಲಿದೆ. 3ನೇ ಸರಣಿಯ ಕೈಪಿಡಿಯ ಭಾಷಾಪಟ್ಟಿಯಲ್ಲಿ ಹಿಂದಿ, ಮರಾಠಿ, ತಮಿಳು, ಸಂಸ್ಕೃತ ಇದ್ದವು, ಕನ್ನಡ ಇರಲಿಲ್ಲ. ಕನ್ನಡ ಬೇಕೆಂದು ಬಯಸುವ ವ್ಯವಸ್ಥಾಪಕನಿಗೂ ಅದನ್ನು ಆರಿಸಿಕೊಳ್ಳುವ ದಾರಿ ಇರಲಿಲ್ಲ.

ನ್ಯಾಯವಾಗಿ ಹೇಳಬೇಕಾದದ್ದನ್ನೂ ಹೇಳೋಣ. ಬೈಟು ಕತ್ತರಿಸುವ ಈ ದೋಷವನ್ನು ಮುಂದಿನ ಆವೃತ್ತಿಗಳಲ್ಲಿ ತಿದ್ದಲಾಯಿತು. ಯುಟಿಎಫ್-8ರ ಸರಿಯಾದ ಜೋಡಣೆಯನ್ನು ಗುರುತಿಸಿ ಇಡಿಯಾಗಿ ಉಳಿಸುವ ಸಾಲುಗಳು ಸೇರಿದವು. 2022ರ ಡಿಸೆಂಬರ್‌ನಲ್ಲಿ ಬಂದ 4.0 ಆವೃತ್ತಿ ಯೂನಿಕೋಡ್ ಪಠ್ಯವನ್ನು ಇನ್ನಷ್ಟು ಚೆನ್ನಾಗಿ ನಿರ್ವಹಿಸುತ್ತದೆ. ಸಂಬಳವಿಲ್ಲದೆ ದುಡಿದವರ ಶ್ರಮ ಅದು. ಅವರಿಗೆ ಕನ್ನಡದ ಮೇಲೆ ದ್ವೇಷವೇನೂ ಇರಲಿಲ್ಲ. ಅವರ ಮೇಜಿನ ಮೇಲೆ ಕನ್ನಡದ ಪತ್ರ ಇರಲಿಲ್ಲ, ಅಷ್ಟೆ. ಅದನ್ನು ಅಲ್ಲಿ ಇಡಬೇಕಾದವರು ಯಾರು? ನಾವೇ ಅಲ್ಲವೇ? ಅಷ್ಟು ವರ್ಷ ಅದನ್ನು ಬಳಸಿದ ಕರ್ನಾಟಕದ ಸಂಸ್ಥೆಗಳು 'ಜ್ಞಾನ' ಎಂದು ಬರೆದು ಒಮ್ಮೆ ಪರೀಕ್ಷಿಸಿದ್ದರೆ ದೋಷ ಆಗಲೇ ಗೊತ್ತಾಗುತ್ತಿತ್ತು.

ಕಾಣದ ಅಕ್ಷರ, ಕಂಡೂ ಬೇರೆಯಾದ ಅಕ್ಷರ

ತಂತ್ರಾಂಶ ಸರಿಹೋಯಿತು ಎಂದಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಒಕ್ಕಣೆಯ ನಿಯಮಗಳನ್ನು ಬರೆಯುವವರು ಸಾಮಾನ್ಯವಾಗಿ ಇಂಗ್ಲಿಷ್ ಪತ್ರಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತಾರೆ. ಮೂರು ಉದಾಹರಣೆ ಕೊಡುತ್ತೇನೆ.

ಮೊದಲನೆಯದು ಅದೃಶ್ಯ ಸಂಕೇತಗಳು. ಯೂನಿಕೋಡ್‌ನಲ್ಲಿ 8204 ಮತ್ತು 8205 ಎಂಬ, ಅಗಲವಿಲ್ಲದ ಎರಡು ಸಂಕೇತಗಳಿವೆ. ಇಂಗ್ಲಿಷ್ ಪತ್ರದ ಪದಗಳ ನಡುವೆ ಇವು ಕಂಡರೆ ಜರಡಿಯನ್ನು ವಂಚಿಸಲು ಯಾರೋ ಸೇರಿಸಿದ್ದಾರೆ ಎಂದು ಶಂಕಿಸುವುದು ಸಹಜ. ಕನ್ನಡದಲ್ಲಿ ಇವು ಕಾಗುಣಿತದ ಭಾಗ. 'ರಾಜ್‌ಕುಮಾರ್' ಎಂದು ಬಿಡಿಸಿ ಬರೆಯಲು ಒಂದು ಬೇಕು, 'ರ‍್ಯಾಂಕ್' ಎಂದು ಸರಿಯಾಗಿ ಬರೆಯಲು ಇನ್ನೊಂದು ಬೇಕು. ಇವುಗಳಿಗೆ ಕಣ್ಣುಮುಚ್ಚಿ ದಂಡದ ಅಂಕ ಹಾಕುವ ನಿಯಮ ಕನ್ನಡವನ್ನು ಶುದ್ಧವಾಗಿ ಬರೆಯುವವರಿಗೇ ದಂಡ ಹಾಕುತ್ತದೆ.

ಎರಡನೆಯದು ಲಿಪಿಯ ಹೋಲಿಕೆ. ತೆಲುಗಿಗೆ 3072ರಿಂದ 3199ರವರೆಗಿನ ಸ್ಥಾನಗಳಿವೆ. ಅಂದರೆ ಕನ್ನಡದ ಪಕ್ಕದ ಮನೆ. ಎರಡೂ ಲಿಪಿಗಳ ಅಕಾರ, ಗಕಾರಗಳು ಕಣ್ಣಿಗೆ ಬಹುಮಟ್ಟಿಗೆ ಒಂದೇ. ಆದರೆ ಗಣಕಕ್ಕೆ ಅವುಗಳ ನಡುವೆ 128 ಸ್ಥಾನಗಳ ಅಂತರ. ಕನ್ನಡದ ಪದದೊಳಗೆ ತೆಲುಗಿನ ಒಂದು ಅಕ್ಷರ ನುಸುಳಿಸಿದರೆ ಓದುಗನಿಗೆ ಗೊತ್ತಾಗದು, ಪದಪಟ್ಟಿಗೂ ಸಿಗದು. ಒಂದೇ ಪದದಲ್ಲಿ ಎರಡು ಲಿಪಿ ಬೆರೆತರೆ ಎಚ್ಚರಿಸುವ ನಿಯಮ ನಮಗೆ ನಿಜವಾಗಿ ಬೇಕಾದದ್ದು.

ಮೂರನೆಯದು ರವಾನೆಯ ವೇಷ. ಇ-ಮೇಲ್ ಸಾಗುವಾಗ ಬೈಟುಗಳನ್ನು ಅನೇಕ ಸಲ ಬೇಸ್64 ಎಂಬ ವಿಧಾನದಲ್ಲಿ ಬದಲಿಸಲಾಗುತ್ತದೆ. ಮೂರು ಬೈಟುಗಳ 24 ಬಿಟ್‌ಗಳನ್ನು ಆರಾರರಂತೆ ನಾಲ್ಕು ಗುಂಪು ಮಾಡುತ್ತಾರೆ. 'ಕ'ದ 224, 178, 149 ಎಂಬುವು ಆಗ 56, 11, 10, 21 ಆಗುತ್ತವೆ. ಹಿಂದೆ ಒಂದು ಖಾಲಿ ಜಾಗ ಬಂದರೆ ಗುಂಪುಗಳು ಸರಿದು ಸಂಖ್ಯೆಗಳೆಲ್ಲ ಬದಲಾಗುತ್ತವೆ. ಹೀಗೆ ಒಂದೇ ಪದಕ್ಕೆ ಮೂರು ವೇಷಗಳು ಸಾಧ್ಯ. ವೇಷ ಕಳಚುವ ಮೊದಲೇ ಹುಡುಕುವ ನಿಯಮ ಏನನ್ನೂ ಕಾಣದು. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಬರೆದ ಪತ್ರಗಳ ಪಾಡು ಇನ್ನೊಂದು. ಒಳಗೆ ಇರುವುದು ರೋಮನ್ ಲಿಪಿಯ ಸಂಕೇತಗಳು, ಕನ್ನಡದ ಚಿತ್ರ ಕೊಡುವುದು ಫಾಂಟು. ಜರಡಿಗೆ ಅದು ಅರ್ಥವಿಲ್ಲದ ಅಕ್ಷರಗಳ ರಾಶಿ.

ಜರಡಿ ಕಟ್ಟುವ ಕ್ರಮ

ಹಾಗಾದರೆ ಏನು ಮಾಡಬೇಕು? ಮೊದಲು ಪತ್ರದ ವಿಳಾಸ ನಿಜವೇ ಎಂಬ ಪರೀಕ್ಷೆ. ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಎಂಬ ಮೂರು ವಿಧಾನಗಳು ಇದಕ್ಕಿವೆ. ಇವು ಒಕ್ಕಣೆಯನ್ನು ತೂಗುವುದಿಲ್ಲ, ಆದ್ದರಿಂದ ಭಾಷೆಯ ಪಕ್ಷಪಾತ ಇವುಗಳಿಗಿಲ್ಲ. ದಿನಕ್ಕೆ 5000ಕ್ಕಿಂತ ಹೆಚ್ಚು ಪತ್ರಗಳನ್ನು ಜಿಮೇಲ್‌ಗೆ ಕಳಿಸುವವರಿಗೆ ಗೂಗಲ್ 2024ರ ಫೆಬ್ರುವರಿಯಿಂದ ಇವನ್ನು ಕಡ್ಡಾಯ ಮಾಡಿತು. ಆಮೇಲೆ ಲಗತ್ತುಗಳು. ಕಡತದ ಹೆಸರನ್ನು ನಂಬದೆ ಅದರ ಒಳಗಿನ ಬಗೆಯನ್ನು ನೋಡಬೇಕು. ಪದಗಳ ಪರೀಕ್ಷೆ ಕೊನೆಗೆ, ಅದೂ ವೇಷ ಕಳಚಿ ಯೂನಿಕೋಡ್‌ಗೆ ತಂದ ಮೇಲೆ.

ಪದವೊಂದು ಸಿಕ್ಕಿತೆಂದು ಪತ್ರವನ್ನು ಅಳಿಸಲೇಬಾರದು. ಅದು ಅಂಕ ಸೇರಿಸಲಿ, ಅಷ್ಟೆ. ಸ್ಪ್ಯಾಮ್‌ಅಸಾಸಿನ್‌ನಲ್ಲಿ ಮೂಲತಃ 5 ಅಂಕ ದಾಟಿದರೆ ಸ್ಪ್ಯಾಮ್ ಎಂದು ಗುರುತು ಬೀಳುತ್ತದೆ. ಆ ಗುರುತು ಬಿದ್ದ ಪತ್ರವೂ ತಡೆಕೋಣೆಯಲ್ಲಿ ಇರಬೇಕು, ಅದರ ಪಟ್ಟಿ ಪ್ರತಿದಿನ ವಿಳಾಸದಾರನಿಗೆ ತಲುಪಬೇಕು. ಕಣ ಪತ್ತೆಕಾರಕದಲ್ಲಿ ಹೊಸ್ತಿಲು ತಗ್ಗಿಸಿದರೆ ಸುಳ್ಳು ಸದ್ದು ಹೆಚ್ಚುತ್ತದೆ, ಏರಿಸಿದರೆ ನಿಜವಾದ ಕಣ ತಪ್ಪುತ್ತದೆ. ಇಲ್ಲಿಯೂ ಹಾಗೆಯೇ. ಎರಡು ತಪ್ಪುಗಳ ಬೆಲೆ ಮಾತ್ರ ಸಮನಲ್ಲ. ಒಂದು ಜಾಹೀರಾತು ಒಳಗೆ ಬಂದರೆ ಅಳಿಸಲು ಅರೆಕ್ಷಣ ಸಾಕು. ಒಂದು ಅರ್ಜಿಯ ಪತ್ರ ಕಳೆದುಹೋದರೆ ಒಬ್ಬ ವಿದ್ಯಾರ್ಥಿಯ ಒಂದು ವರ್ಷ ಹೋಗುತ್ತದೆ.

ಕೊನೆಯದಾಗಿ ಪರೀಕ್ಷೆ. ಜರಡಿ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಜಿಟ್ಯೂಬ್ ಎಂಬ 68 ಅಕ್ಷರಗಳ ಸಿದ್ಧ ಸಾಲೊಂದಿದೆ. ಅದನ್ನು ಪತ್ರದಲ್ಲಿ ಸೇರಿಸಿ ಕಳಿಸಿದರೆ ಸ್ಪ್ಯಾಮ್‌ಅಸಾಸಿನ್ 1000 ಅಂಕ ಕೊಟ್ಟು ಹಿಡಿಯುತ್ತದೆ. ಕಳ್ಳನನ್ನು ಹಿಡಿಯುತ್ತದೆಯೇ ಎಂಬ ಪರೀಕ್ಷೆ ಇದು. ನಿರಪರಾಧಿಯನ್ನು ಬಿಡುತ್ತದೆಯೇ ಎಂಬುದಕ್ಕೆ ಇಂಥ ಸಿದ್ಧ ಸಾಲು ಸಾಲದು. ಆ ಪರೀಕ್ಷೆಯನ್ನು ಪ್ರತಿ ಊರಿನವರು ತಮ್ಮ ಭಾಷೆಯಲ್ಲಿ ತಾವೇ ಮಾಡಿಕೊಳ್ಳಬೇಕು.

ನಿಮ್ಮ ಶಾಲೆಯಲ್ಲಿ, ಕಾಲೇಜಿನಲ್ಲಿ ಇದನ್ನು ಒಂದು ಯೋಜನೆಯಾಗಿ ಮಾಡಬಹುದು. ವಿಜಯನಗರವಾಗಲಿ ಬಸವೇಶ್ವರನಗರವಾಗಲಿ, ಇ-ಮೇಲ್ ಇರುವ ಯಾವ ಸಂಸ್ಥೆಯಾದರೂ ಸರಿ. 50 ಒಳ್ಳೆಯ ಕನ್ನಡ ಪತ್ರಗಳನ್ನು ಸಿದ್ಧಮಾಡಿ: ಗ್ರಹಣದ ಸೂಚನೆ, ಬಹುಮಾನ ವಿತರಣೆಯ ಆಹ್ವಾನ, ವಿದ್ಯಾರ್ಥಿವೇತನದ ಸುತ್ತೋಲೆ, ಪೋಷಕರ ಸಭೆ, ಪ್ರಯೋಗಶಾಲೆಗೆ ಬೇಕಾದ ಸಾಮಗ್ರಿಗಳ ಪಟ್ಟಿ. ಗಣಕ ವಿಭಾಗದ ಒಪ್ಪಿಗೆ ಪಡೆದು ಹೊರಗಿನ ವಿಳಾಸದಿಂದ ಕಳಿಸಿ. ಎಷ್ಟು ತಲುಪಿದವು, ಎಷ್ಟು ತಡೆಯಲ್ಪಟ್ಟವು, ಪ್ರತಿಯೊಂದಕ್ಕೂ ಎಷ್ಟು ಅಂಕ ಬಂತು ಎಂದು ಪಟ್ಟಿ ಮಾಡಿ. 50ರಲ್ಲಿ 2 ಸಿಕ್ಕಿಬಿದ್ದರೆ ಸುಳ್ಳು ಎಚ್ಚರಿಕೆ ಶೇಕಡಾ 4. ಆ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದು ವ್ಯವಸ್ಥಾಪಕರ ಗೋಡೆಗೆ ಅಂಟಿಸಿ. ಉಪಕರಣದ ಮೇಲೆ ಅದರ ದೋಷದ ಪ್ರಮಾಣ ಬರೆದಿರಬೇಕು ಎಂಬುದು ನಮ್ಮ ಪ್ರಯೋಗಶಾಲೆಯ ಹಳೆಯ ನಿಯಮ. ಇ-ಮೇಲ್ ಜರಡಿಗೂ ಅದೇ ನಿಯಮ ಅನ್ವಯಿಸಲಿ.